ಐದೈದು ನಿಮಿಷದ ಉಬ್ಬರ

ಲೂಪೇ,

ನಿನ್ನ ವಿಳಾಸ ನನ್ನಲ್ಲಿಲ್ಲ, ಆದರೂ ಹೇಳಲೇಬೇಕು. ಕಂಪ್ಯೂಟರಿನಲ್ಲಿ ಹತ್ತತ್ತು ನಿಮಿಷಕ್ಕೆ ನೀರಿನ ಎತ್ತರ ಲೆಕ್ಕ ಹಾಕಿದಾಗಲೆಲ್ಲ ಲೆಕ್ಕ ಹದ ತಪ್ಪಿ ನಮ್ಮ ಅಲೆ ತೆಂಗಿನಮರದ ಎತ್ತರ ದಾಟುತ್ತಿತ್ತಲ್ಲ, ಕೊನೆಗೂ ಐದೈದು ನಿಮಿಷಕ್ಕೆ ಹಾಕಿದೆ. ಅಲೆ ತೆಪ್ಪಗಾಯಿತು. ಇವತ್ತು ಮೂರೂಕಾಲಿಗೆ ಉಬ್ಬರವು ನಮ್ಮೂರು ನುಕುಅಲೋಫಾದ ಜೆಟ್ಟಿಯ ನಾಲ್ಕನೇ ಮೆಟ್ಟಿಲು ಮುಟ್ಟುತ್ತದೆ ಎಂದು ಲೆಕ್ಕ ಹೇಳಿತು.

ಅಲ್ಲಿ ಗಾಳ ಹಾಕಿ ಕೂತಿದ್ದ ಸಿಯೊಸಾಯಿಯಾ ಅಜ್ಜ, "ನಿನ್ನ ಕಂಪ್ಯೂಟರಿಗೆ ಈಜೋಕೆ ಬರುತ್ತದೇನೇ?" ಎಂದು ಕಾಡಿಸಿದ. ಸರಿಯಾಗಿ ಮೂರೂಕಾಲಿಗೆ, ಅದೇ ಮೆಟ್ಟಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ತೇಲಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಇನ್ನು ತಗ್ಗಿನ ಮನೆಯವರಿಗೆ ನೀರು ನುಗ್ಗುವುದನ್ನು ಮೊದಲೇ ತಿಳಿಸಬಹುದು.

"ಐದು ನಿಮಿಷದ ಉಪಾಯ ಯಾರಿಗೆ ಹೊಳೀತು?" ಅಜ್ಜ ಕೇಳಿದ.

"ಲೂಪೇಗೆ. ಮೂರು ವರ್ಷದ ಹಿಂದೆ."

"ಆಗಲೇ ಅವಳ ಮಾತು ಕೇಳಬಾರದಿತ್ತಾ?"

ನಾನು ಚಪ್ಪಲಿ ತರಲು ನೀರಿಗೆ ಧುಮುಕಿದೆ.