ಟ್ಯಾಂಕರಿನ ಮೂಗು

ಮಾರ್ಚ್ ೩, ಬೆಳಿಗ್ಗೆ

ವಾಕಿಂಗ್ ಆಯಿತು. ಮಂಡಿ ಪರವಾಗಿಲ್ಲ. ಬಿಪಿ ಮಾತ್ರೆ ನುಂಗುತ್ತಿದ್ದಾಗ ಮಗಳ ಫೋನು. ಟ್ರೈನಿಂಗ್ ಮುಗಿದು ಪೋಸ್ಟಿಂಗ್ ಬಂತಂತೆ. ಟ್ಯಾಂಕರಿಗೆ. ಹಾರಾಡುತ್ತಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ಕೆಲಸ — ನಾನು ಮಾಡಿದ್ದೇ.

"ಯಾವ ವಿಮಾನ?"

"ನಿಮ್ದೇ ಅಪ್ಪಾ! ಅದೇ ಹಳೇ ಮುದುಕಿ!"

ಕಂಗ್ರಾಟ್ಸ್ ಎಂದೆ. ನಾನು ಸೇರಿದಾಗಲೇ ಅದಕ್ಕೆ ತೇಪೆಯ ಮೇಲೆ ತೇಪೆ. ಇನ್ನೂ ಹಾರಿಸುತ್ತಿದ್ದಾರಲ್ಲ, ಪುಣ್ಯಾತ್ಮರು!

ಮಾರ್ಚ್ ೪

ಅವಳಿಗೆ ಗೊತ್ತಿರುವುದು ತಮಾಷೆ ಕಥೆಗಳು ಮಾತ್ರ. ನನ್ನ ಅಡ್ಡಹೆಸರು ಮೂಗಪ್ಪ. ಹಾರುವ ಮುಂಚೆ ಕ್ಯಾಪ್ಟನ್ ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಈರುಳ್ಳಿ ಹಿಡಿಯುತ್ತಿದ್ದ. ವಾಸನೆ ಗೊತ್ತಾಗದಿದ್ದರೆ ನೆಗಡಿ. ಅವತ್ತು ಬೇರೆಯವನು ಮೂಗು. ಇಷ್ಟು ಹೇಳಿ ನಗಿಸುತ್ತಿದ್ದೆ. ಯಾಕೆ ಎಂಬುದನ್ನು ಬಿಟ್ಟು.

ಹಳೇ ಪೈಪು, ಹಳೇ ಸೀಲು. ಎಲ್ಲೋ ಇಂಧನ ಜಿನುಗುತ್ತಲೇ ಇರುತ್ತಿತ್ತು. ಒಮ್ಮೆ ಪಕ್ಕದಲ್ಲಿ ಹಾರುತ್ತಿದ್ದ ಟ್ಯಾಂಕರಿನಿಂದ ನನ್ನ ಗೆಳೆಯ ದಪ್ಪಣ್ಣ ರೇಡಿಯೋದಲ್ಲಿ ಮಾತಾಡುತ್ತಿದ್ದ. "ಏನೋ ವಾಸನೆ ಕಣೋ. ಇರು, ಒಳಗಿನ ಲೈಟ್ ಆಫ್ ಮಾಡ್ತೀನಿ." ಅಷ್ಟೇ. ಆಮೇಲೆ ನಮ್ಮ ಕಿಟಕಿ ತುಂಬ ಬೆಂಕಿ.

ಆಮೇಲೆ ಬಂದದ್ದು ಈರುಳ್ಳಿ, ಮೂಗು, ನಿಯಮ. ಮೂಗು "ವಾಸನೆ" ಎಂದರೆ ಪೈಲಟ್ ಇಳಿಸುತ್ತಾನೆ, ಉಳಿದವರ ಕೈ ಮಡಿಲಲ್ಲಿ. ಸ್ವಿಚ್ ಹಾಕುವಂತಿಲ್ಲ, ಆರಿಸುವಂತೆಯೂ ಇಲ್ಲ. ಕಿಡಿಗೆ ಎರಡೂ ಒಂದೇ.

ಮಾರ್ಚ್ ೯

ಮಗಳು ಬಂದಿದ್ದಳು. ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟೆ.

"ವಾಸನೆ ಹಿಡಿಯೋಕೆ ಈಗ ಸೆನ್ಸರ್ ಹಾಕಿದಾರಪ್ಪಾ."

"ಸೆನ್ಸರ್‌ಗೆ ನೆಗಡಿ ಬರಲ್ವಾ?"

ನನ್ನವಳು ತಟ್ಟೆ ಕುಕ್ಕಿದಳು. "ಅನ್ನದ ಮುಂದೆ ಸಾವಿನ ಮಾತು ಯಾಕ್ರೀ? ಹೋಗೋ ಹುಡುಗೀನ ಹೆದರಿಸ್ತೀರಲ್ಲ!"

ಹೆದರಲಿ ಎಂದೇ ಹೇಳಿದ್ದು. ಮಗಳು ಕೈ ತೊಳೆದಳು. ಸಂಜೆ ಹೊರಟಳು.

ರಾತ್ರಿ ಅಡುಗೆಗೆ ನಿಂತ ನನ್ನವಳು ಬುಟ್ಟಿ ತಡಕಿದಳು. "ಒಂದು ಈರುಳ್ಳಿ ಇತ್ತಲ್ಲ, ಎಲ್ಹೋಯ್ತು?"

ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ.

ಮಾರ್ಚ್ ೧೭, ಮಧ್ಯಾಹ್ನ

ಇವತ್ತು ಅವಳ ಮೊದಲ ಹಾರಾಟ. ಊಟದ ಹೊತ್ತಿಗೆ ಇಳಿಯಬೇಕಿತ್ತು. ಫೋನಿಲ್ಲ. ಫ್ಯಾನ್ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ನನ್ನವಳು ಟಿವಿ ಹಾಕಲಿಲ್ಲ. ಸುದ್ದಿ ಬಂದರೆ...

ಸಂಜೆ

ಫೋನ್ ಬಂತು.

"ಅಪ್ಪಾ, ಇಳಿದ್ವಿ."

"ಯಾಕಮ್ಮ ಇಷ್ಟು ಹೊತ್ತು?"

"ವಾಸನೆ ಬಂತು. ಸೆನ್ಸರ್ ಸುಮ್ನಿತ್ತು. ಇಂಜಿನಿಯರ್ರು ಲೈಟ್ ಆರಿಸೋಕೆ ಕೈ ಚಾಚಿದ್ರು. ನಾನು ಕೈ ಹಿಡ್ಕೊಂಡೆ. ಬಯ್ದ್ರು. ಇಳಿಯೋ ತನಕ ಬಿಡ್ಲಿಲ್ಲ."

ಅತ್ತುಬಿಟ್ಟೆ. ಅವಳಿಗೆ ಕೇಳಿಸಿತು, ಕೇಳಿಸಲಿ.

"ಅಳ್ಬೇಡಪ್ಪಾ. ಸೀಲ್ ಬದಲಾಯಿಸ್ತಿದಾರೆ. ನಾಳೆ ಮತ್ತೆ ಅದರಲ್ಲೇ ಹೋಗ್ಬೇಕು."

ನಾಳೆ. ಮತ್ತೆ ಅದರಲ್ಲೇ.

ಕತ್ತಲಾಗುತ್ತಿದೆ. ಅಕ್ಷರ ಕಾಣುತ್ತಿಲ್ಲ. ನನ್ನವಳು ಲೈಟ್ ಹಾಕಲು ಸ್ವಿಚ್ಚಿಗೆ ಕೈ ಚಾಚಿದಳು. "ಬೇಡ" ಎಂದು ಕಿರುಚಿದೆ. ಗಾಬರಿಯಾಗಿ ನೋಡುತ್ತಿದ್ದಾಳೆ. ಏನಿಲ್ಲ ಕಣೇ, ಬರೀ ಹಳೇ ಹೆದರಿಕೆ.