ನಾನು ಬರೆಸಿದ ‘ಇಲ್ಲ’

ಮೊಮ್ಮಗಳಿಗೆ ಅಜ್ಜಿ ಬರೆಯುವುದು.

ಓದು ಬಿಡುತ್ತೇನೆಂದು ನೀನು ಹಾಸ್ಟೆಲಿನಿಂದ ಬರೆದ ಕಾಗದ ತಲುಪಿತು. ‘ನಮ್ಮನೆ ಕೆಮ್ಮೇ ನಂಗೆ ಕಾಣ್ಲಿಲ್ಲ, ಇನ್ನು ಬೇರೆಯವರಿಗೆ ಏನು ಮಾಡ್ಲಿ?’ ಎಂದಿದ್ದೀಯ. ಅದನ್ನು ಮುಚ್ಚಿಟ್ಟವಳು ನಾನು.

ಡಾಕ್ಟರ್ ಆಗುತ್ತೀಯೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನೀನು ಎರಡನೆಯ ಡಿಗ್ರಿಗೆ ಸಾರ್ವಜನಿಕ ಆರೋಗ್ಯ ಆರಿಸಿಕೊಂಡು, ಹೆಗಲಿಗೆ ಚೀಲ ಹಾಕಿ ಮನೆಮನೆ ಸುತ್ತತೊಡಗಿದೆ. ‘ಇಷ್ಟು ಓದಿ ಕಂಡವರ ಬಾಗಿಲು ತಟ್ಟೋದೇನೇ?’ ಎಂದು ನಾನು ಹಂಗಿಸಿದೆ. ‘ಆಸ್ಪತ್ರೆಗೆ ಬರೋಕಾಗದೋರ ಹತ್ರ ನಾವೇ ಹೋಗ್ಬೇಕು ಅಜ್ಜಿ. ನಿಮ್ಮ ಬಾಗಿಲೂ ತಟ್ತೀನಿ, ಟೀ ರೆಡಿ ಇರ್ಲಿ’ ಎಂದು ನೀನು ನಕ್ಕೆ.

ನಮ್ಮ ಬೀದಿಯ ಸರದಿ ಬಂದ ದಿನ ನೀನು ನಿಜಕ್ಕೂ ಹೊರಗೆ ನಿಂತು ತಟ್ಟಿದೆ. ಸಮೀಕ್ಷೆಯ ಫಾರಂ ಹಿಡಿದು ನನ್ನೆದುರು ಕುಳಿತೆ. ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕೆಂಬುದು ನಿಮ್ಮ ನಿಯಮ. ಉಳಿದ ಮನೆಗಳಲ್ಲಿ ಹಾಗೆಯೇ ಕೇಳಿದ್ದೆಯಂತೆ. ನಮ್ಮ ಮನೆಯಲ್ಲಿ ಮಾತ್ರ, ಹುಟ್ಟಿದಾಗಿನಿಂದ ಕಂಡ ರೂಢಿಯಂತೆ, ಎಲ್ಲರ ಪರವಾಗಿ ನನ್ನನ್ನೇ ಕೇಳಿದೆ.

‘ಎರಡು ವಾರದ ಮೇಲೆ ಕೆಮ್ಮು ಯಾರಿಗಾದ್ರೂ ಇದೆಯಾ?’

‘ಇಲ್ಲ, ಬರ್ಕೋ’ ಎಂದೆ. ಅಡುಗೆಮನೆಯಲ್ಲಿ ನಿನ್ನ ಅಮ್ಮ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಕೆಮ್ಮು ಬಂದಾಗಲೆಲ್ಲ ಹಾಗೆ ಮಾಡೆಂದು ಹೇಳಿಕೊಟ್ಟವಳೂ ನಾನೇ. ಕ್ಷಯದ ಮನೆ ಎಂದು ಯಾರೂ ಬೆರಳು ತೋರಿಸಬಾರದೆಂದು.

ಅದಾಗಿ ಐದು ತಿಂಗಳು. ಅಮ್ಮನ ಎಡಗಡೆಯ ಶ್ವಾಸಕೋಶ ಬಹುಪಾಲು ಹೋಗಿದೆಯಂತೆ. ಮದ್ದು ಹಿಡಿಯುತ್ತದೋ ಇಲ್ಲವೋ, ಯಾರೂ ಬಾಯಿ ಬಿಡುವುದಿಲ್ಲ. ದಿನವೂ ಮಾಸ್ಕ್ ಹಾಕಿಕೊಂಡು ಆಸ್ಪತ್ರೆಯಲ್ಲಿ ಅವಳ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತೇನೆ. ಮನೆಯಲ್ಲಿ ಚಮಚ ಎಲ್ಲಿಡಬೇಕೆಂದು ಕೂಡ ಹೇಳುತ್ತಿದ್ದವಳಿಗೆ ಇಲ್ಲಿ ಏನು ಹೇಳಬೇಕೋ ತೋಚುವುದಿಲ್ಲ. ನಿನ್ನೆ ಡಾಕ್ಟರು ಅವಳನ್ನು, ‘ಉಸಿರಾಡೋಕೆ ಕಷ್ಟ ಆಗ್ತಿದೆಯಾಮ್ಮ?’ ಎಂದು ಕೇಳಿದರು. ಉತ್ತರ ಕೊಡುವ ಮೊದಲು ಅವಳು ನನ್ನ ಮುಖ ನೋಡಿದಳು. ಆ ಸ್ಥಿತಿಯಲ್ಲೂ. ನಾನು ಹೊರಗೆ ನಡೆದುಬಿಟ್ಟೆ.

ಓದು ಬಿಡಬೇಡವೆಂದು ಅಪ್ಪಣೆ ಮಾಡುವ ಬಾಯಿ ನನಗೀಗ ಇಲ್ಲ. ಬೇಡಿಕೊಳ್ಳುತ್ತೇನೆ. ನನ್ನಂಥ ಅಜ್ಜಿ ಬೀದಿಗೊಬ್ಬಳಿದ್ದಾಳೆ. ಅವಳನ್ನು ದಾಟಿ ಅಡುಗೆಮನೆಯವರೆಗೆ ಹೋಗಬೇಕೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

ಮೊದಲು ಬಂದು ಅಮ್ಮನನ್ನು ಕೇಳು. ಫಾರಂ ತಾ. ಅಷ್ಟು ಹೊತ್ತು ನಾನು ಆಸ್ಪತ್ರೆಯ ಕೆಳಗಿನ ಮೆಟ್ಟಿಲ ಮೇಲೆ, ಅವಳ ಕಣ್ಣಿಗೆ ಬೀಳದಂತೆ ಕುಳಿತಿರುತ್ತೇನೆ.

ನೀನು ತಟ್ಟಿದ ಬಾಗಿಲುಗಳೆಲ್ಲ ತೆರೆಯಲಿ, ಮಗಳೇ.

ನಿನ್ನ ಅಜ್ಜಿ