ಮಾತಿಗೊಂದು ಸ್ಪೀಕರ್

ನಂಜನಗೂಡು
೨೩ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಕವನಳ ಅಪ್ಪನಿಗೆ,

ನಿಮ್ಮ ಶ್ವೇತಳ ನಮಸ್ಕಾರ. ಹೇಗಿದ್ದೀರಿ? ನೀವಿರುವ ಕಡೆ ಆಗಲೇ ಹಿಮ ಬೀಳುತ್ತಿದೆಯಂತೆ, ಟಿವಿಯಲ್ಲಿ ತೋರಿಸಿದರು. ಅತ್ತೆ ಕಳಿಸಿದ ಚಟ್ನಿಪುಡಿ, ಉಣ್ಣೆ ಟೋಪಿ ತಲುಪಿದವೇ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಲೇ ಇದ್ದಿರಿ. ಮಿಲಿಟರಿ ಕ್ಯಾಂಪಿನ ಡಾಕ್ಟರಿಗೆ ತೋರಿಸಿ, ಸುಮ್ಮನೆ ಧೈರ್ಯ ತೋರಿಸಬೇಡಿ. ಇಲ್ಲಿ ಕವನ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು, ‘ಸ’ ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಅತ್ತೆಯ ಮಂಡಿನೋವು ಹಾಗೇ ಇದೆ. ಮಾವನ ವಿಷಯಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಫೋನು ಬಂದಾಗ ಅದು ಅವರ ಕೈಯಲ್ಲೇ ಇರುತ್ತದೆ. ನೀವು ಏನೇ ಹೇಳಿದರೂ “ಆಯ್ತಪ್ಪ, ಆಯ್ತಪ್ಪ” ಅನ್ನುತ್ತಾರೆ. ಹೋದ ಸಲ ನೀವು ಸಂಕ್ರಾಂತಿಗೆ ರಜೆ ಸಿಗುವುದಿಲ್ಲ ಅಂದಿರಿ. ಅವರು ಫೋನಿಟ್ಟವರೇ ಬೀದಿಗೆ ಹೋಗಿ, “ನಮ್ ನಂಜೇಶ ಸಂಕ್ರಾಂತಿಗೆ ಬತ್ತಾವ್ನೆ” ಎಂದು ಎಲ್ಲರಿಗೂ ಹೇಳಿಬಂದರು. ಆಸೆಗೆ ಹಾಗೆ ಹೇಳಿರಬೇಕು ಎಂದು ಆಗ ನಾನು ಅಂದುಕೊಂಡೆ.

ನಿಮಗೆ ಗೊತ್ತಲ್ಲ, ತಾಂಡ್ಯದ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಪ್ರೆಸ್ ಮಿಷನ್ನಿನ ಧಡಧಡದ ಪಕ್ಕ ನಿಂತವರು. ಈಗ ಸ್ಕೂಲ್ ವ್ಯಾನ್ ಓಡಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಕಾಲು ಚಾಚಿ ಒಂದು ಸಿನಿಮಾ ನೋಡಬೇಕು, ಇದೊಂದೇ ಅವರ ಶೋಕಿ. ಅದಕ್ಕೇ ದೀಪಾವಳಿಗೆ ಹೋಮ್ ಥಿಯೇಟರ್ ತಂದರು. ಮೊದಲ ದಿನದಿಂದಲೇ ದೂರು. “ಬರೀ ಸದ್ದು ಬತ್ತದೆ ಕಣವ್ವ, ಮಾತೇ ಬರಾಕಿಲ್ಲ. ಮಧ್ಯದ್ ಡಬ್ಬನೇ ಸರಿಯಿಲ್ಲ” ಎಂದು. ಟಿವಿ ಕೆಳಗಿದ್ದ ಆ ನಡುವಿನ ಸ್ಪೀಕರನ್ನು ಮೇಲಿಟ್ಟೆವು, ಬೀರುವಿನ ಒಳಗಿಂದ ಅಂಚಿಗೆ ಎಳೆದೆವು. ಮಿಕ್ಕವುಗಳ ಸದ್ದು ಇಳಿಸಿ ಅದೊಂದನ್ನೇ ಏರಿಸಿದ್ದೂ ಆಯಿತು. ಕೊನೆಗೆ ಹೋದ ಭಾನುವಾರ ತಿ. ನರಸೀಪುರದ ಚೆಲುವರಾಜು ಅಂಗಡಿಗೆ ಹೋಗಿ ಬೇರೆಯದನ್ನೇ ಆರಿಸೋಣವೆಂದು ಮಾವ, ನಾನು, ಕವನ ವ್ಯಾನಿನಲ್ಲೇ ಹೊರಟೆವು.

ಚೆಲುವರಾಜು ಬಾಯಿ ತುಂಬ ಮಾತಾಡುವ ಮನುಷ್ಯ. ಮಾವನನ್ನು ಸೋಫಾದ ನಡುವೆ ಕೂರಿಸಿ, “ಸಾ, ಎಡ-ಬಲದವು ಹಾಡಿಗೆ, ಹಿಂದಿನವು ಗುಡುಗು-ಸಿಡಿಲಿಗೆ. ಮಾತು ಬರಾದೆಲ್ಲ ಈ ನಡುವಿನದ್ರಿಂದ್ಲೇ. ಎಡ-ಬಲದವು ಯಾವ್ ಕಂಪನಿದೋ ಇದೂ ಅದೇ ಕಂಪನಿದಾಗ್ಬೇಕು, ಇಲ್ದಿದ್ರೆ ದನಿ ಒಂದೊಂದ್ಕಡೆ ಒಂದೊಂಥರ ಆಗೋಯ್ತದೆ” ಎಂದ. ಮೊದಲು ಒಂದು ಚಿಕ್ಕದನ್ನು ಕೇಳಿಸಿದ. ಮಾವ ತಲೆಯಾಡಿಸಿದರು. ಆಮೇಲೆ ಸ್ವಲ್ಪ ಉದ್ದನೆಯದು. ಪರದೆಯ ಮೇಲೆ ಒಬ್ಬಳು ಹೆಂಗಸು ಮಗನಿಗೆ ಬುದ್ಧಿ ಹೇಳುತ್ತಿದ್ದಳು, ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಮಾವ, “ಏನಿವ್ಳು, ಬಾಯೊಳ್ಗೇ ಗೊಣಗ್ತಾಳೆ” ಎಂದರು. ಕವನ ನಕ್ಕು ಆ ಹೆಂಗಸು ಅಂದದ್ದನ್ನೆಲ್ಲ ಅವಳ ಹಾಗೇ ಅಂದು ತೋರಿಸಿದಳು. ಮಾವ ನಗಲಿಲ್ಲ.

ಮೂರನೆಯದು ದೊಡ್ಡ ಡಬ್ಬ. ಮಾತಿಗೆಂದೇ ಅದರಲ್ಲಿ ಬೇರೆ ಒಂದು ಚಿಕ್ಕ ಸ್ಪೀಕರ್ ಇದೆಯಂತೆ. ಅದನ್ನು ಹಾಕಿದಾಗ ಮಾವನ ಮುಖ ಅರಳಿತು. “ಆ, ಈಗ್ ಬತ್ತಾದೆ ನೋಡು!” ಎಂದು, ಪರದೆಯ ಮೇಲಿನವನು ಏನಂದ ಎಂಬುದನ್ನೂ ಹೇಳಿದರು. ನನಗೆ ಎಷ್ಟು ಹಗುರವಾಯಿತು ಗೊತ್ತೇ? ಆಗ ಚೆಲುವರಾಜು, “ಈಗ ಬರೀ ದನಿ ಕೇಳಿ ಸಾ, ಆಗ್ಲೇ ಗೊತ್ತಾಗಾದು” ಎಂದು ಪರದೆಯ ಮೇಲಿನ ಚಿತ್ರವನ್ನಷ್ಟೇ ಆಫ್ ಮಾಡಿದ. ಮಾತು ಓಡುತ್ತಲೇ ಇತ್ತು. ಮಾವ ಕಪ್ಪಾದ ಪರದೆಯನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಯಾಕಪ್ಪ ನಿಲ್ಲಿಸ್ದೆ?” ಎಂದರು.

ಚೆಲುವರಾಜು ನನ್ನ ಮುಖ ನೋಡಿ ತಲೆ ತಗ್ಗಿಸಿದ. ಮಾವ ಅದನ್ನೇ ಕಟ್ಟಿಸಿಕೊಂಡು ವ್ಯಾನಿನಲ್ಲಿಡಲು ಹೋದಾಗ ಬಾಗಿಲ ಹತ್ತಿರ ಹೇಳಿದ: “ಅಕ್ಕ, ಯಜಮಾನ್ರು ತುಟಿ ನೋಡ್ಕಂಡ್ ಕೇಳ್ತಾವ್ರೆ. ಯಾವ್ ಡಬ್ಬ ಹಾಕುದ್ರೂ ಅಷ್ಟೇಯ. ಒಂದ್ಸಲ ಕಿವಿ ಡಾಕ್ಟ್ರತ್ರ ಕರ್ಕಂಡೋಗಿ.” ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಕವನಳನ್ನು ಮಡಿಲಲ್ಲೇ ಕೂರಿಸಿಕೊಂಡಿದ್ದೆ. ಮಾವ ರಸ್ತೆ ನೋಡುತ್ತ ಗುನುಗುತ್ತಿದ್ದರು. ನಾನು ಹಿಂದಿನಿಂದ “ಮಾವ” ಎಂದೆ. ಇನ್ನೊಮ್ಮೆ ಅಂದೆ. ಆಮೇಲೆ ಅನ್ನುವ ಧೈರ್ಯ ಬರಲಿಲ್ಲ.

ಅತ್ತೆಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು ರೀ. “ಎಲ್ಲೂ ಬಾಯ್ ಬುಡ್ಬ್ಯಾಡ ಕಣವ್ವ. ಕಿವುಡ ಅಂತ ಗೊತ್ತಾದ್ರೆ ಯಾರ್ ಮಕ್ಳ ಕಳುಸ್ತಾರೆ? ಗಾಡಿ ನಿಂತ್ರೆ ಈ ಮನುಷ್ಯನೂ ನಿಂತೋಯ್ತರೆ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೂ ಊಟಕ್ಕೆ ಕೂತಾಗ, ಎದುರು ನಿಂತು, ಮೈಸೂರಿಗೆ ಹೋಗಿ ಕಿವಿ ತೋರಿಸೋಣವೆಂದೆ. ಮಾವ ತಟ್ಟೆ ಸರಿಸಿಬಿಟ್ಟರು. “ನನ್ ಕಿವಿ ಸರ್ಯಾಗೇ ಅದೆ. ನೀವೇ ಎಲ್ರೂ ಮೆತ್ತಗ್ ಮಾತಾಡಾದ್ ಕಲ್ತಿದ್ದೀರಿ.” ಅವತ್ತಿನಿಂದ ನನ್ನ ಕೈಯಿಂದ ನೀರು ಇಸಿದುಕೊಳ್ಳುವುದಿಲ್ಲ.

ಗುರುವಾರ ಬೆಳಗ್ಗೆ ಮಕ್ಕಳೆಲ್ಲ ವ್ಯಾನ್ ಹತ್ತಿದ್ದರು. ಮಾವ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಕೆಳಗೆ ಬಿದ್ದ ನೀರಿನ ಬಾಟಲಿ ಎತ್ತಿಕೊಳ್ಳಲು ಕವನ ಇನ್ನೊಂದು ಬದಿಯಿಂದ ಇಳಿದು ಗಾಡಿಯ ಹಿಂದೆ ಬಗ್ಗಿದ್ದಳು. ಎದುರು ಮನೆಯ ಜವರಮ್ಮ, “ನಿಲ್ಸಣ್ಣೋ! ಮಗು! ಮಗು!” ಎಂದು ಕಿರುಚಿದರು. ನಾನು ಬಾಗಿಲಿಂದ ಓಡುತ್ತಲೇ ಕೂಗಿದೆ. ಒಳಗಿದ್ದ ಮಕ್ಕಳೂ ಕೂಗಿದವು. ವ್ಯಾನ್ ನಿಲ್ಲಲಿಲ್ಲ. ಜವರಮ್ಮ ಕೈಯಲ್ಲಿದ್ದ ಬಿಂದಿಗೆಯನ್ನೇ ಗಾಡಿಗೆ ಎತ್ತಿ ಬಡಿದರು. ಆ ಪೆಟ್ಟಿಗೆ ಗಾಡಿ ಅದುರಿ ಮಾವ ಬ್ರೇಕ್ ಒತ್ತಿದರು. ಬಾಟಲಿ ಚಕ್ರದ ಕೆಳಗಿತ್ತು. ಕವನಳ ಕೈ ಚಕ್ರಕ್ಕೆ ಒಂದು ಗೇಣು ದೂರ. ಮಾವ ಇಳಿದು ಬಂದು ನೋಡಿದರು, ಮುಖ ಬೂದಿಯಾಯಿತು. ನನ್ನ ಕಡೆ ತಿರುಗಿ, “ಯಾರಾರ ಒಂದ್ ಮಾತ್ ಕೂಗ್ಬಾರ್ದಾಗಿತ್ತಾ?” ಎಂದರು. ಕೂಗಿ ಕೂಗಿ ನನ್ನ ಗಂಟಲು ಒಡೆದುಹೋಗಿತ್ತು. ಕವನಳನ್ನು ಎತ್ತಿಕೊಂಡು ಒಳಗೆ ಬಂದೆ. ಅವರು ಉಳಿದ ಮಕ್ಕಳನ್ನು ಕರೆದುಕೊಂಡು ಹೊರಟೇಹೋದರು.

ಅವರನ್ನು ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ಆವತ್ತು ಸಂಜೆ ಕವನಳ ತಲೆ ಸವರುತ್ತ ಬಹಳ ಹೊತ್ತು ಕೂತಿದ್ದರು, ಹೊಸ ಸ್ಪೀಕರನ್ನು ಮುಟ್ಟಲೂ ಇಲ್ಲ. ಆದರೆ ಬೆಳಗಾದರೆ ಮತ್ತೆ ಗಾಡಿ ಒರೆಸಿ ನಿಲ್ಲಿಸುತ್ತಾರೆ. ಅವರು ಮಾತು ಕೇಳುವುದಿದ್ದರೆ ನಿಮ್ಮದೊಂದೇ. ಹೇಗಾದರೂ ರಜೆ ಕೇಳಿ ನೋಡಿ. ಚಳಿಯಲ್ಲಿ ಎಚ್ಚರ. ಅತ್ತೆ ನಿಮ್ಮನ್ನು ಹರಸಿದ್ದಾರೆ, ಕವನ ಮುತ್ತು ಕಳಿಸಿದ್ದಾಳೆ. ಶ್ರೀಕಂಠೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮ
ಶ್ವೇತ

ಮರೆತೆನೆಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನೆ ಅತ್ತೆಗೂ ಹೇಳದೆ ವ್ಯಾನಿನ ಮಕ್ಕಳ ಮನೆಗಳಿಗೆಲ್ಲ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಂದೆ. ಇನ್ನು ಮಕ್ಕಳನ್ನು ಕಳಿಸುವುದಿಲ್ಲ ಎಂದು ಎಲ್ಲರೂ ಅಂದರು. ಮಾವನಿಗೆ ಇನ್ನೂ ಗೊತ್ತಿಲ್ಲ. ಈಗ ಹೊರಗೆ ನಾಳೆಗೆಂದು ಗಾಡಿ ತೊಳೆಯುತ್ತಿದ್ದಾರೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ. ನಾಳೆ ಬೆಳಗ್ಗೆ ಅವರು ಒಂದೊಂದು ಮನೆಯ ಮುಂದೆಯೂ ನಿಂತು ಹಾರ್ನ್ ಹೊಡೆಯುತ್ತಾರೆ. ಯಾವ ಬಾಗಿಲೂ ತೆಗೆಯುವುದಿಲ್ಲ.